ತಿನ್ನದೇ ಏರುವ ಸಕ್ಕರೆ

ಹೋದ ಆಷಾಢದಲ್ಲಿ ನನ್ನ ಎಡತೋಳಿನ ಹಿಂಬದಿಗೆ ಒಂದು ಬಿಳಿ ಬಿಲ್ಲೆ ಅಂಟಿಕೊಂಡಿತು. ತಾನಾಗಿ ಹಾರಿ ಬಂದು ಕೂತದ್ದಲ್ಲ, ರಾಮನಗರದ ನಮ್ಮ ಡಾಕ್ಟರಮ್ಮ ಅಂಟಿಸಿದ್ದು. ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಅದರ ಅಡಿಯಿಂದ ಕೂದಲಿನಂಥ ಎಳೆಯೊಂದು ಚರ್ಮದೊಳಕ್ಕೆ ಇಳಿದಿರುತ್ತದೆ. ನಾವು ಕೂತರೂ ನಿಂತರೂ, ಉಂಡರೂ ಉಪವಾಸವಿದ್ದರೂ, ಮೈಯೊಳಗಿನ ಸಕ್ಕರೆ ಎಷ್ಟಿದೆಯೆಂದು ಹಗಲೂ ರಾತ್ರಿ ಅಳೆದು ಫೋನಿಗೆ ವರದಿ ಒಪ್ಪಿಸುತ್ತಿರುತ್ತದೆ. ಎರಡು ವಾರ ಅದರ ಆಯುಸ್ಸು. ಆಮೇಲೆ ಕಿತ್ತು ಬಿಸಾಡುವುದು.

ನನಗೆ ನಲವತ್ತೆಂಟು. ಈ ವಯಸ್ಸಿನಲ್ಲಿ ಹೆಂಗಸರ ಮೈ ಯಾರ ಮಾತೂ ಕೇಳುವುದಿಲ್ಲ. ಕಾರಣವಿಲ್ಲದೆ ಬೆವರುತ್ತದೆ, ಕಾರಣವಿಲ್ಲದೆ ಊದುತ್ತದೆ, ನಿದ್ದೆ ಬೇಕೆಂದಾಗ ಬರುವುದಿಲ್ಲ, ಸ್ಟಾಫ್ ಮೀಟಿಂಗಿನಲ್ಲಿ ಕರೆಯದೆ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಗಡಿ ದಾಟಿತ್ತು. ಮಾತ್ರೆ ಆಮೇಲೆ ನೋಡೋಣ, ಮೊದಲು ನಿಮ್ಮ ಮೈ ಯಾವುದಕ್ಕೆ ಹೇಗೆ ಕುಣಿಯುತ್ತದೆ ಅಂತ ತಿಳಿಯೋಣ ಎಂದರು ಡಾಕ್ಟರಮ್ಮ. ನಾನು ಹೈಸ್ಕೂಲಿನ ಗಣಿತದ ಮೇಡಂ. ಎಕ್ಸ್ ಅಕ್ಷ, ವೈ ಅಕ್ಷ ಎಂದು ಬೋರ್ಡಿನ ಮೇಲೆ ಗೆರೆ ಎಳೆಯುತ್ತಲೇ ಸೀಮೆಸುಣ್ಣದ ಧೂಳು ಕುಡಿದವಳು. ನನ್ನದೇ ಮೈಯ ಗ್ರಾಫು ನೋಡುವ ಅವಕಾಶ ಸಿಕ್ಕರೆ ಬಿಡುತ್ತೇನೆಯೇ? ಒಪ್ಪಿಕೊಂಡೆ.

ಮೊದಲ ಸಿಟ್ಟು ಬಂದದ್ದು ಮುದ್ದೆಯ ಮೇಲೆ. ನೀವೇ ಹೇಳಿ, ರಾಗಿ ತಿಂದವನಿಗೆ ರೋಗವಿಲ್ಲ ಎಂದು ಕೇಳಿಕೊಂಡೇ ಬೆಳೆದವರಲ್ಲವೇ ನಾವು? ನಮ್ಮ ಕಡೆ ಮುದ್ದೆಯ ಬಗ್ಗೆ ಹಗುರವಾಗಿ ಮಾತಾಡಿದರೆ ಕುಲದೇವರ ಬಗ್ಗೆ ಮಾತಾಡಿದಷ್ಟು ತಪ್ಪು. ನಾನು ಒಳ್ಳೆಯ ಹುಡುಗಿಯ ಹಾಗೆ ಅನ್ನ ಮುಟ್ಟದೆ, ಒಂದು ದೊಡ್ಡ ಮುದ್ದೆಯನ್ನು ತಿಳಿಸಾರಿನಲ್ಲಿ ಅದ್ದಿ ನುಂಗಿ ಫೋನು ನೋಡಿದೆ. ಗೆರೆ ಎದ್ದಿತು ನೋಡಿ, ನಮ್ಮೂರ ಬಂಡೆಬೆಟ್ಟದ ಹಾಗೆ, ನೆಟ್ಟಗೆ. ಮಾರನೆಯ ದಿನ ಚನ್ನಪಟ್ಟಣದಿಂದ ಬರುವ ಸಹೋದ್ಯೋಗಿ ಮಗಳಿಗೆ ಕೆಲಸ ಸಿಕ್ಕಿತೆಂದು ಒಂದು ತುಂಡು ಮೈಸೂರು ಪಾಕ್ ಕೊಟ್ಟಳು. ಅದನ್ನು ಊಟದ ಕೊನೆಗೆ ತಿಂದು ಶಾಲೆಯ ಮೈದಾನ ಸುತ್ತಿ ಬಂದರೆ ಗೆರೆ ಅಷ್ಟಾಗಿ ಅಲುಗಲೇ ಇಲ್ಲ. ಇದೆಂಥ ನ್ಯಾಯ? ಡಾಕ್ಟರಮ್ಮನಿಗೆ ಫೋನು ಮಾಡಿ ಜಗಳವಾಡಿದೆ. ಅವರು ನಕ್ಕು, ಮುದ್ದೆ ಅರ್ಧ ಮಾಡಿ, ಸಾರಿನಲ್ಲಿ ಸೊಪ್ಪು ಕಾಳು ಹೆಚ್ಚು ಮಾಡಿ, ಉಂಡ ಮೇಲೆ ನಡೆಯಿರಿ ಎಂದರು. ಮೈಸೂರು ಪಾಕನ್ನು ಔಷಧ ಎಂದುಕೊಳ್ಳಬೇಡಿ ಎಂದೂ ಸೇರಿಸಿದರು. ಮುದ್ದೆ ಅರ್ಧ ಮಾಡಿ ಅವರೆಕಾಳಿನ ಸಾರಿನ ಜೊತೆ ಉಂಡಾಗ ಬೆಟ್ಟ ದಿಬ್ಬವಾಯಿತು. ಇದು ನನ್ನ ಮೈಯ ಕತೆ, ನಿಮ್ಮದು ಬೇರೆ ಇದ್ದೀತು. ಆದರೂ ಮುದ್ದೆಗೆ ಮಾತು ಬಂದಂತಾಗಿ ಎರಡು ದಿನ ನನಗೆ ಊಟ ಸೇರಲಿಲ್ಲ.

ಎರಡನೆಯ ಸಿಟ್ಟು ನಮ್ಮ ಯಜಮಾನರ ಮೇಲೆ. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಸಾಧು ಮನುಷ್ಯರು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಏನು ತಿಂದೆ, ತಿಂದೆನೋ ಇಲ್ಲವೋ ಎಂದು ಒಂದು ದಿನವೂ ಕೇಳಿದವರಲ್ಲ. ಈ ಬಿಲ್ಲೆ ಬಂದಮೇಲೆ, ನನ್ನ ಗೆರೆ ಅವರ ಫೋನಿನಲ್ಲೂ ಕಾಣುವಂತೆ ಕ್ಲಿನಿಕ್ಕಿನಲ್ಲೇ ಮಾಡಿಸಿಕೊಂಡುಬಿಟ್ಟರು. ಆವತ್ತಿನಿಂದ ಅವರಿಗೆ ಕ್ರಿಕೆಟ್ ಬೇಡವಾಯಿತು, ಸ್ಕೋರಿಗೆ ನಾನೇ ಸಾಕಾದೆ. ಒಮ್ಮೆ ಹೆಡ್‌ಮಾಸ್ಟರು ಹತ್ತನೇ ತರಗತಿಯ ಫಲಿತಾಂಶ ಇಳಿದಿದ್ದಕ್ಕೆ ಗಣಿತವೇ ಕಾರಣ ಎಂದು ಎಲ್ಲರೆದುರು ನನ್ನನ್ನು ನಿಲ್ಲಿಸಿ ಮಾತಾಡಿದರು. ಹೊರಗೆ ಬರುವಷ್ಟರಲ್ಲಿ ಯಜಮಾನರ ಫೋನು.

"ಏರ್ತಾ ಇದೆಯಲ್ಲ. ಏನು ತಿಂದೆ?"

"ಹೆಡ್‌ಮಾಸ್ಟರ ಕೈಲಿ ಬೈಗುಳ ತಿಂದೆ" ಎಂದೆ.

ತಮಾಷೆಯಲ್ಲ, ಅದು ನಿಜ. ಸಿಟ್ಟು ಬಂದರೂ ಸಕ್ಕರೆ ಏರುತ್ತದೆಯಂತೆ. ಹಾಗಿದ್ದರೆ ಈ ದೇಶದಲ್ಲಿ ಗಂಡ, ಹೆಡ್‌ಮಾಸ್ಟರು, ಬಸ್ ಕಂಡಕ್ಟರು ಇವರನ್ನೆಲ್ಲ ಪಥ್ಯದ ಪಟ್ಟಿಗೆ ಸೇರಿಸಬೇಕಲ್ಲವೇ?

ಒಂದು ಬೆಳಿಗ್ಗೆ ನಾನೆದ್ದು ಮುಖ ತೊಳೆದು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆಯುತ್ತಿದ್ದೆ. ಕಾಫಿಗೆ ಇನ್ನೂ ಹಾಲೇ ಬಂದಿರಲಿಲ್ಲ. ಯಜಮಾನರು ಮೆಟ್ಟಿಲ ಮೇಲೆ ಪೇಪರು ಹಿಡಿದು ಕೂತವರು ಒಮ್ಮೆ ಫೋನು ನೋಡಿದರು, ಒಮ್ಮೆ ಅಡುಗೆಮನೆಯ ಕಡೆ ಕತ್ತು ಹೊರಳಿಸಿದರು. ಆಮೇಲೆ ಬಹಳ ಮೆತ್ತಗೆ, ಮಗುವನ್ನು ಕೇಳುವ ಹಾಗೆ ಕೇಳಿದರು.

"ಜಯಾ, ನಿಜ ಹೇಳು. ಏನೋ ಬಾಯಿಗೆ ಹಾಕ್ಕೊಂಡಿದ್ದೀಯ."

ನನ್ನ ಕೈಯಲ್ಲಿದ್ದ ರಂಗೋಲಿ ಪುಡಿ ಗೆರೆ ತಪ್ಪಿತು. ತಿಂದಿಲ್ಲ ಎಂದೆ. ಅವರು ಫೋನನ್ನು ನನ್ನ ಮುಖದ ಮುಂದೆ ಹಿಡಿದರು. ನಿಜವಾಗಿಯೂ ಏರಿತ್ತು, ಏಳುವಾಗ ಇದ್ದದ್ದಕ್ಕಿಂತ ಎಷ್ಟೋ ಮೇಲೆ, ಇನ್ನೂ ಏರುತ್ತಲೇ ಇತ್ತು. ಮೈಯೆಲ್ಲ ಉರಿದುಹೋಯಿತು. ತಿಂದು ಸಿಕ್ಕಿಬಿದ್ದರೆ ನಾಚಿಕೆಯಾಗುತ್ತದೆ, ಒಪ್ಪಬಹುದು. ತಿನ್ನದೇ ಸಿಕ್ಕಿಬಿದ್ದರೆ ಏನು ಮಾಡುವುದು? ಅವರ ಫೋನು ಕಿತ್ತುಕೊಂಡು, ನನ್ನ ಗೆರೆ ಅದರಲ್ಲಿ ಕಾಣದಂತೆ ಮಾಡಿ, ಹಾಲು ಬಂದರೆ ನೀವೇ ಕಾಯಿಸಿಕೊಳ್ಳಿ ಎಂದು ಹೇಳಿ ಸ್ನಾನಕ್ಕೆ ಹೋದೆ. ಶಾಲೆ ಬಿಟ್ಟವಳೇ ನೇರ ಕ್ಲಿನಿಕ್ಕಿಗೆ ನಡೆದೆ.

ಡಾಕ್ಟರಮ್ಮ ಹಿಂದಿನ ದಿನಗಳ ಗೆರೆಗಳನ್ನೂ ಒಂದೊಂದಾಗಿ ನೋಡಿದರು. ಎಲ್ಲ ಬೆಳಗಿನಲ್ಲೂ ಹಾಗೇ ಏರಿತ್ತು. ಇದು ಎಷ್ಟೋ ಜನರಿಗೆ ಇರುತ್ತದೆ ಎಂದರು. ನಾವು ಏಳುವುದಕ್ಕೆ ಮುಂಚೆಯೇ ಮೈ ಎಚ್ಚರವಾಗುತ್ತದಂತೆ, ದಿನದ ಕೆಲಸಕ್ಕೆ ಬೇಕಾಗುತ್ತದೆಂದು ಲಿವರು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದಂತೆ. ಸಕ್ಕರೆ ಕಾಯಿಲೆಯವರಲ್ಲಿ ಅದಕ್ಕೆ ಕಡಿವಾಣ ಇರುವುದಿಲ್ಲವಂತೆ.

"ನೀವು ತಿನ್ನಲೇಬೇಕಾಗಿಲ್ಲ ಮೇಡಂ. ನಿಮ್ಮ ಲಿವರೇ ಬಡಿಸುತ್ತೆ" ಎಂದರು.

ನಾನು ಹೊರಗೆ ಬಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತುಬಿಟ್ಟೆ. ಯಜಮಾನರ ಮೇಲಿನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. ಈಗ ಏರಿದ್ದು ಬೇರೆ ಸಿಟ್ಟು, ಹದಿನೈದು ವರ್ಷಕ್ಕೂ ಹಳೆಯದು. ನಿಜ ಹೇಳು, ಏನೋ ಬಾಯಿಗೆ ಹಾಕ್ಕೊಂಡಿದ್ದೀಯ ಎಂಬ ಅದೇ ಮಾತನ್ನು ನಾನು ನಮ್ಮ ತವರಿನಲ್ಲಿ ಕೇಳಿದ್ದೆ. ಆಗ ಕೇಳಿದವನು ಅಪ್ಪ. ಕೇಳಿಸಿಕೊಂಡವಳು ಅವ್ವ.

ನಮ್ಮ ತವರು ಹಾರೋಹಳ್ಳಿ ಪಕ್ಕದ ಒಂದು ಊರು. ನಾನು ಚಿಕ್ಕವಳಿದ್ದಾಗ ಮನೆಯ ಸುತ್ತ ಹಿಪ್ಪುನೇರಳೆ ತೋಟ, ಮನೆಯೊಳಗೆ ರೇಷ್ಮೆ ಹುಳ. ಹುಳ ದೊಡ್ಡವಾದಾಗ ಸೊಪ್ಪು ತಿನ್ನುವ ಸದ್ದು ಜಡಿಮಳೆ ಹಿಡಿದಂತೆ ಕೇಳುತ್ತಿತ್ತು. ಅವ್ವನ ದಿನವೆಲ್ಲ ಆ ಹುಳಗಳ ಹೊಟ್ಟೆಯದು. ಅವಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು, ತನ್ನ ಊಟ ಯಾವಾಗಲಾದರೂ ಆದೀತು. ತಟ್ಟೆ ಹಿಡಿದು ಕೂತ ಅವ್ವನ ಚಿತ್ರ ನನಗೆ ನೆನಪೇ ಇಲ್ಲ. ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ನಾಲ್ಕು ತುತ್ತು ನುಂಗಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದುಹೋಗುತ್ತಿದ್ದಳು. ತಿನ್ನುವ ಆಸೆಯೇ ಇಲ್ಲದವಳು ಎಂದು ಹೇಳಿ ಅವಳನ್ನು ದೇವತೆ ಮಾಡುವುದಿಲ್ಲ. ಹುರಿಗಡಲೆ ಬೆಲ್ಲ ಎಂದರೆ ಅವಳಿಗೆ ಇಷ್ಟ. ಆದರೆ ತಿಂದರೆ ನಮ್ಮೆದುರೇ ತಿನ್ನುತ್ತಿದ್ದಳು, ನಮಗೂ ಕೊಟ್ಟು.

ಎರಡು ಸಾವಿರದ ಇಸವಿಯ ಆಚೀಚೆ ಕಾರ್ಖಾನೆಗಳು ನಮ್ಮ ಕಡೆಗೂ ಹಬ್ಬಿದವು. ತೋಟವೆಲ್ಲ ಕೈಗಾರಿಕೆಗೆ ಹೋಯಿತು. ಬದುಗಳು ಅಳಿಸಿ, ಕಾಂಪೌಂಡು ಎದ್ದು, ಶೀಟಿನ ಚಾವಣಿಗಳು ಬಿಸಿಲಿಗೆ ಕಣ್ಣು ಚುಚ್ಚತೊಡಗಿದವು. ಮನೆಯಲ್ಲಿ ಹುಳ ಇಲ್ಲವಾದವು. ಹೊತ್ತು ಹುಟ್ಟುವ ಮೊದಲೇ ಸೊಪ್ಪಿಗೆ ಹೋಗುತ್ತಿದ್ದ ಅವ್ವನಿಗೆ ಕೆಲಸವೇ ಇಲ್ಲದಂತಾಯಿತು. ಕನಕಪುರ ರಸ್ತೆಯಲ್ಲಿ ಸಾಲುಸಾಲಾಗಿ ಬೇಕರಿ ಬಂದವು, ಊರವರೆಲ್ಲ ಬನ್ನು ಅದ್ದಿಕೊಂಡು ಟೀ ಕುಡಿಯುವುದನ್ನು ಕಲಿತರು. ಅಪ್ಪನಿಗೆ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿತು. ತನ್ನದೇ ನೆಲದ ಬಾಗಿಲಲ್ಲಿ ನಿಂತು ಒಳಗೆ ಹೋಗುವವರನ್ನು ಯಾರು ನೀನು ಎಂದು ಕೇಳುವ ಕೆಲಸ. ಅದರ ಸಂಕಟ ಅವನಿಗೆ ಇತ್ತೋ ಏನೋ, ಹೇಳಿಕೊಂಡವನಲ್ಲ. ಕೆಲಸವನ್ನು ಮಾತ್ರ ಶ್ರದ್ಧೆಯಿಂದ ಮಾಡಿದ. ಶಿಫ್ಟು ಬಿಟ್ಟಾಗ ಒಬ್ಬೊಬ್ಬರನ್ನೇ ನಿಲ್ಲಿಸಿ ಜೇಬು ತಡವಿ, ಟಿಫನ್ ಡಬ್ಬಿ ತೆಗೆಸಿ ನೋಡುವುದು. ಎಲ್ಲರೂ ಏನೋ ಕದ್ದುಕೊಂಡು ಹೋಗುತ್ತಿರುತ್ತಾರೆ ಎಂಬುದು ಅವನ ನೌಕರಿಯ ಮೊದಲ ಪಾಠ. ಆ ಪಾಠವನ್ನು ಖಾಕಿ ಅಂಗಿಯ ಜೊತೆಗೆ ಗೂಟಕ್ಕೆ ನೇತುಹಾಕಿ ಒಳಗೆ ಬರಬೇಕಿತ್ತು. ತೊಟ್ಟುಕೊಂಡೇ ಬಂದ.

ಅವ್ವನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದದ್ದು ಆ ವರ್ಷಗಳಲ್ಲೇ. ಆಗ ಈ ಬಿಲ್ಲೆ ಗಿಲ್ಲೆ ಎಲ್ಲಿಯದು? ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಡುವುದು, ಬಂದ ಅಂಕಿಯನ್ನು ಡಾಕ್ಟರು ನೋಡುವುದು, ಅಷ್ಟೇ. ಇಡೀ ತಿಂಗಳಿನ ಬಾಳುವೆಗೆ ಒಂದು ಬೆಳಗಿನ ಒಂದು ತೊಟ್ಟು ರಕ್ತ ಸಾಕ್ಷಿ. ಮಾತ್ರೆ ನುಂಗಿದರೂ, ಸಕ್ಕರೆ ಬಿಟ್ಟರೂ ಅವ್ವನ ಆ ಬೆಳಗಿನ ಅಂಕಿ ಇಳಿಯಲೇ ಇಲ್ಲ. ಆ ಡಾಕ್ಟರು ಗದರಿದರು. ರಾತ್ರಿ ಕದ್ದು ತಿಂತೀರ, ಬೆಳಿಗ್ಗೆ ಬಂದು ಇಲ್ಲ ಅಂತೀರ, ನಿಮ್ಮ ರಕ್ತ ಸುಳ್ಳು ಹೇಳಲ್ಲಮ್ಮ ಎಂದರು. ಪಕ್ಕದಲ್ಲಿ ನಿಂತಿದ್ದ ಅಪ್ಪನಿಗೆ ಇಷ್ಟು ಸಾಕಾಯಿತು.

ಬೆಲ್ಲದ ಡಬ್ಬಿ ಟ್ರಂಕಿಗೆ ಹೋಯಿತು, ಟ್ರಂಕಿನ ಬೀಗದಕೈ ಅಪ್ಪನ ಉಡಿದಾರಕ್ಕೆ. ಹಬ್ಬ ಬಂದರೆ ಎಷ್ಟು ಬೇಕೋ ಅಷ್ಟು ಬೆಲ್ಲ ಒಡೆದು ಕೊಟ್ಟು, ಹೂರಣ ರುಬ್ಬುವವರೆಗೂ ಅಡುಗೆಮನೆಯ ಬಾಗಿಲಲ್ಲೇ ಕೂರುತ್ತಿದ್ದ. ಅವ್ವ ಅಂಗಡಿಗೆ ಹೋಗಿ ಬಂದರೆ ಮಡಿಲು ಬಿಚ್ಚಿ ತೋರಿಸಬೇಕು. ನಾನು ಆಗ ಮದುವೆಯಾಗಿ ರಾಮನಗರದಲ್ಲಿದ್ದೆ, ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಊರಿಗೆ ಹೋದಾಗಲೆಲ್ಲ ಅಪ್ಪನ ಜೊತೆ ಜಗಳವಾಡಿದೆ. ಅವ್ವ ಸುಳ್ಳು ಹೇಳುವವಳಲ್ಲ ಎಂದು ನನಗೆ ಗೊತ್ತಿತ್ತು. ಆದರೆ ರಕ್ತದ ಅಂಕಿಗೆ ಎದುರಾಗಿ ಹೇಳಲು ನನ್ನ ಹತ್ತಿರ ಏನಿತ್ತು? ಪ್ರತಿ ಸಲವೂ ಸೋತೆ. ಅವ್ವ ಹಟಕ್ಕೆ ಬಿದ್ದು ರಾತ್ರಿಯ ಊಟವನ್ನೇ ಬಿಟ್ಟಳು. ಆಗಲೂ ಅಂಕಿ ಇಳಿಯಲಿಲ್ಲ. ನಲ್ಲಿಯ ಹತ್ತಿರ ತಲೆ ಸುತ್ತಿ ಬಿದ್ದಳು. ಬಿದ್ದ ಹೆಂಗಸನ್ನು ಎತ್ತಿ ಕೂರಿಸಿ, ನಿಜ ಹೇಳು, ಏನೋ ಬಾಯಿಗೆ ಹಾಕ್ಕೊಂಡಿದ್ದೀಯ ಎಂದು ಕೇಳಿದ ಅಪ್ಪ, ನನ್ನೆದುರೇ.

ಅದಕ್ಕಿಂತ ದೊಡ್ಡದು ಉಯ್ಯಂಬಳ್ಳಿಯಲ್ಲಿ ನಡೆಯಿತು. ಅದು ಅವ್ವನ ತವರು. ಅವಳ ತಮ್ಮನ, ಅಂದರೆ ನನ್ನ ಮಾವನ ಮಗಳ ಮದುವೆ. ಚಪ್ಪರದಡಿ ಉದ್ದಕ್ಕೆ ಎಲೆ ಹಾಕಿದ್ದರು. ಅವ್ವ ತನ್ನ ಬಾಲ್ಯದ ಗೆಳತಿಯರ ನಡುವೆ ಕೂತಿದ್ದಳು, ಬಹಳ ದಿನದ ಮೇಲೆ ಮುಖದಲ್ಲಿ ನಗುವಿತ್ತು. ಒಬ್ಬಟ್ಟು ಬಡಿಸಿಕೊಂಡು ಬಂದರು. ಅವ್ವ ಬೇಡ ಎನ್ನುವಷ್ಟರಲ್ಲಿ ಎಲೆಗೆ ಬಿದ್ದಿತ್ತು. ಎದುರು ಸಾಲಿನಲ್ಲಿದ್ದ ಅಪ್ಪ ಎದ್ದು ಬಂದ. ಬಗ್ಗಿ ಅವಳ ಎಲೆಯಿಂದ ಆ ಒಬ್ಬಟ್ಟನ್ನು ಎತ್ತಿಕೊಂಡ.

"ಮನೇಲಿ ಕದ್ದು ತಿನ್ನೋದು ಸಾಲ್ದು ಅಂತ ಇಲ್ಲೂ ಸುರು ಮಾಡ್ದ್ಯಾ?" ಎಂದ. ಮೆಲ್ಲಗೇನೂ ಹೇಳಲಿಲ್ಲ.

ಅವ್ವ ಎಲೆ ಮಡಿಸಿ ಎದ್ದಳು. ಅರ್ಧ ಊಟದಲ್ಲಿ ಎಲೆ ಬಿಟ್ಟು ಏಳುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಅದೂ ತವರಿನಲ್ಲಿ. ಆಮೇಲೆ ಅವಳು ಯಾವ ಮದುವೆಯಲ್ಲೂ ಯಾವ ತಿಥಿಯಲ್ಲೂ ಸಾಲಿನಲ್ಲಿ ಕೂರಲಿಲ್ಲ. ಹೋಗುತ್ತಿದ್ದಳು, ತರಕಾರಿ ಹೆಚ್ಚುತ್ತಿದ್ದಳು, ಸೊಪ್ಪು ಸೋಸುತ್ತಿದ್ದಳು. ಕರೆದರೆ ಆಮೇಲೆ ಎನ್ನುತ್ತಿದ್ದಳು. ಎಲ್ಲರ ಊಟ ಮುಗಿದ ಮೇಲೆ ಹಿತ್ತಿಲಲ್ಲಿ ಪಾತ್ರೆಗಳ ನಡುವೆ ಎರಡು ತುತ್ತು ಉಂಡು ಬರುತ್ತಿದ್ದಳು. ಮುಂದೆ ಕನಕಪುರದಲ್ಲಿ ಬೇರೆ ಡಾಕ್ಟರು ಮಾತ್ರೆ ಬದಲಿಸಿದರು, ಬೆಳಗಿನ ಅಂಕಿ ಹದಕ್ಕೆ ಬಂತು. ಅಪ್ಪನ ಬೀಗವೂ ಯಾವಾಗಲೋ ಸಡಿಲವಾಯಿತು. ಆದರೆ ಕದ್ದಳು ಎಂದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪ ತೆಗೆದುಕೊಳ್ಳಲಿಲ್ಲ, ಗದರಿದ ಆ ಡಾಕ್ಟರು ತೆಗೆದುಕೊಳ್ಳಲಿಲ್ಲ. ಅಂಕಿ ಇಳಿದಾಗ, ನೋಡಿದ್ಯಾ, ತಿನ್ನೋದು ಬಿಟ್ಟೇಟ್ಗೆ ಇಳೀತು ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದ.

ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ನಾನು ಇಷ್ಟನ್ನೂ ನೆನೆದೆ. ಆ ಭಾನುವಾರ ಊರಿಗೆ ಹೋದೆ. ಯಜಮಾನರು ತಾವೂ ಬರುತ್ತೇನೆಂದರು. ಅಲ್ಲಿ ನಡೆಯುವುದನ್ನು ಅವರೂ ನೋಡುವುದು ಒಳ್ಳೆಯದು ಎಂದು ಕರೆದುಕೊಂಡೇ ಹೋದೆ.

ಅಪ್ಪ ಅವ್ವ ನನ್ನ ತಮ್ಮನ ಸಂಸಾರದ ಜೊತೆ ಇದ್ದಾರೆ. ಅಪ್ಪ ಜಗುಲಿಯ ಮಂಚದ ಮೇಲಿದ್ದ. ಅವ್ವ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಳು ಆರಿಸುತ್ತಿದ್ದಳು. ನಾನು ತೋಳು ತೋರಿಸಿ, ಫೋನಿನ ಗೆರೆ ತೋರಿಸಿ, ಪಾಠ ಹೇಳುವ ಹಾಗೆಯೇ ಹೇಳಿದೆ. ಇಲ್ಲಿ ನಿದ್ದೆ, ಇಲ್ಲಿ ಎಚ್ಚರ, ಇಲ್ಲಿ ಏನೂ ತಿಂದಿಲ್ಲ, ಆದರೂ ಇಷ್ಟು ಏರಿದೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ.

"ಅದು ನಿನ್ ಮೈ ಕಣವ್ವ" ಎಂದ. "ಅವ್ಳ ಮೈ ಬ್ಯಾರೆ ಅಲ್ವಾ?"

ಒಬ್ಬರ ಗೆರೆ ಇನ್ನೊಬ್ಬರಿಗೆ ಸಾಕ್ಷಿಯಲ್ಲ ಎಂದು ಮಕ್ಕಳಿಗೆ ಹೇಳುವವಳು ನಾನೇ. ಹೌದಪ್ಪ ಎಂದೆ. ಅವ್ವ ತಿನ್ನಲಿಲ್ಲ ಎಂದು ಇದು ಸಾಧಿಸುವುದಿಲ್ಲ. ಆದರೆ ತಿಂದಳು ಎಂದು ನೀನು ಹೇಳಿದ್ದು ಯಾವುದರ ಮೇಲೆ? ಬೆಳಗಿನ ರಕ್ತವೊಂದರ ಮೇಲೆ. ಆ ರಕ್ತ ತಿನ್ನದೆಯೂ ಏರುತ್ತದೆ ಅಂದ ಮೇಲೆ ನಿನ್ನ ಹತ್ತಿರ ಉಳಿದದ್ದೇನು? ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಅಲ್ಲಿಯವರೆಗೆ ಅವ್ವ ಕಾಳಿನಿಂದ ಕಣ್ಣೆತ್ತಿರಲಿಲ್ಲ. ಈಗ ಮೊರ ಕೆಳಗಿಟ್ಟಳು.

"ಅಷ್ಟು ವರ್ಷ ಗೇಟ್ ಕಾದೆ" ಎಂದಳು. "ಕಳ್ರನ್ನ ಹಿಡಿದ್ರೆ ಕೈಯಾಗೆ ಮಾಲು ಸಿಕ್ಬೇಕು. ನನ್ ಕೈಯಾಗೆ ಯಾವತ್ತಾರ ಒಂದ್ ಚೂರು ಬೆಲ್ಲ ಸಿಕ್ತಾ ನಿಂಗೆ?"

ಕಾಂಪೌಂಡಿನ ಆಚೆ ಯಾವುದೋ ಲಾರಿ ಹಿಂದಕ್ಕೆ ಬರುವ ಸದ್ದು.

"ಇಲ್ಲ ಕಣೆ" ಎಂದ ಅಪ್ಪ ಕಡೆಗೆ. "ಸಿಕ್ಲಿಲ್ಲ."

ಇಷ್ಟಕ್ಕೇ ನನ್ನ ಕಣ್ಣು ತುಂಬಿತು. ಗೆದ್ದೆವು ಎಂದುಕೊಂಡೆ. ಅವ್ವನಿಗೆ ಇಷ್ಟು ಸಾಕಾಗಲಿಲ್ಲ. ಮನೆ ಮೂಲೆಯಲ್ಲಿ ಹೇಳಿದರೆ ಯಾರಿಗೆ ಗೊತ್ತಾಯಿತು, ಎಲ್ಲಿ ಅಂದೆಯೋ ಅಲ್ಲಿ ಹೇಳು ಎಂದಳು. ಉಯ್ಯಂಬಳ್ಳಿಯಲ್ಲಿ ಅವಳ ತಮ್ಮನ ಮಗ ಹೊಸ ಮನೆ ಕಟ್ಟಿದ್ದ, ಶ್ರಾವಣದಲ್ಲಿ ಗೃಹಪ್ರವೇಶವಿತ್ತು. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಯಜಮಾನರು ಕಿಟಕಿಯ ಕಡೆ ಮುಖ ಮಾಡಿಕೊಂಡೇ, ನಾನು ಹಾಗೆ ಕೇಳಬಾರದಿತ್ತು ಎಂದರು. ಕೇಳಿಸದವಳಂತೆ ಇನ್ನೊಮ್ಮೆ ಹೇಳಿಸಿದೆ.

ಗೃಹಪ್ರವೇಶದ ದಿನ ಅವ್ವ ತರಕಾರಿ ಹೆಚ್ಚಲು ಹೋಗಲಿಲ್ಲ. ಎಲೆ ಹಾಕಿದರು ಎಂದ ಕೂಡಲೇ ಹೋಗಿ ಮೊದಲ ಪಂಕ್ತಿಯ ನಡುಮಧ್ಯದಲ್ಲಿ ಕೂತಳು. ನಾನು ಎದುರಿಗೆ ಕೂತೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಿದ್ದವು. ಎಲ್ಲರೂ ಅನ್ನಕ್ಕೆ ಕಾಯುತ್ತಿರುವಾಗ ಅಪ್ಪ ಬಂದು ಸಾಲುಗಳ ನಡುವೆ ನಿಂತ. ಗೇಟಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ನೆಟ್ಟಗೆ ನಿಂತ. ಎರಡು ಸಲ ಕೆಮ್ಮಿದ.

"ಒಂದ್ ಮಾತು ಕಣ್ರಪ್ಪ" ಎಂದ. "ನಮ್ಮೋಳು ಕದ್ದು ತಿಂತಿರ್ಲಿಲ್ಲ. ನಾನೇ ತಪ್ಪು ತಿಳ್ಕಂಡು ಅಂದ್ಬುಟ್ಟಿದ್ದೆ. ಅಷ್ಟೇಯ."

ಒಬ್ಬರ ಮುಖ ಒಬ್ಬರು ನೋಡಿದರು. ಆ ಮದುವೆಯಲ್ಲಿ ಅವ್ವನ ಪಕ್ಕ ಕೂತಿದ್ದ ಗೆಳತಿಯರು ಯಾರೂ ಈಗ ಉಳಿದಿರಲಿಲ್ಲ. ಮಿಕ್ಕವರಿಗೆ ಒಬ್ಬಟ್ಟೂ ನೆನಪಿಲ್ಲ, ಬೈದದ್ದೂ ನೆನಪಿಲ್ಲ. ಕಿವಿ ಮಂದವಾದ ಮಾವ, ಅಕ್ಕ ಏನ್ ಕದ್ಲಂತೆ ಎಂದು ಗಟ್ಟಿಯಾಗಿ ಕೇಳಿದ. ಆ ಕೊನೆಯಲ್ಲಿ ಯಾರದೋ ಹೊಸ ಸೊಸೆ ಪಕ್ಕದವಳ ಕಿವಿಯಲ್ಲಿ ಏನೋ ಕೇಳಿದಳು, ಅವಳು ಮುಂದಿನವಳನ್ನು ಕೇಳಿದಳು. ಕಳವಿನ ಸುದ್ದಿ ಎಲೆಯಿಂದ ಎಲೆಗೆ ಹೋಗುತ್ತಿರುವುದು ಎದುರು ಕೂತ ನನಗೆ ಕಾಣುತ್ತಿತ್ತು.

ಅವ್ವನ ಮುಖ ಕೆಂಪಗಾಗಿತ್ತು. ಅಪ್ಪ ಬಂದು ಅವಳ ಪಕ್ಕದ ಎಲೆಗೆ ಕೂತ.

"ಎಲ್ರೂ ಮರ್ತಿದ್ರು" ಎಂದಳು ಅವ್ವ, ಹಲ್ಲು ಕಚ್ಚಿ. "ಜ್ಞಾಪ್ಕ ಮಾಡ್ಬುಟ್ಟೆ ನೋಡು."

"ನೀನೇ ಅಲ್ವಾ ಹೇಳು ಅಂದೋಳು?"

ಅವ್ವ ಎಲ್ಲಿ ಎದ್ದುಬಿಡುತ್ತಾಳೋ ಎಂದು ನಾನು ಅವಳ ಎಲೆಯನ್ನೇ ನೋಡಿದೆ. ಅಷ್ಟರಲ್ಲಿ ಅನ್ನ ಬಂತು. ಅವಳು ಸಾರಿಗೆ ಗುಳಿ ಮಾಡಿಕೊಂಡಳು. ಸಾರು, ಆಮೇಲೆ ಹುಳಿ, ಆಮೇಲೆ ಪಲ್ಯ ಇನ್ನೊಂದಿಷ್ಟು, ಆಮೇಲೆ ಮಜ್ಜಿಗೆಗೆ ಒಂದು ಹಿಡಿ ಅನ್ನ. ಒಂದೊಂದು ತುತ್ತನ್ನೂ ಕಲೆಸಿ, ಉಂಡೆ ಮಾಡಿ, ಯಾವ ಅವಸರವೂ ಇಲ್ಲದೆ ಉಂಡಳು. ಹುಳದ ಮನೆಯ ದಿನಗಳಿಂದ ಇವತ್ತಿನವರೆಗೆ ಅವಳು ಅಷ್ಟು ಹೊತ್ತು ಎಲೆಯ ಮುಂದೆ ಕೂತದ್ದನ್ನು ನಾನು ನೋಡಿರಲಿಲ್ಲ. ಉಳಿದವರದೆಲ್ಲ ಮುಗಿಯಿತು. ಪಂಕ್ತಿಯಲ್ಲಿ ಹಿರಿಯರು ಉಣ್ಣುತ್ತಿರುವಾಗ ಮಿಕ್ಕವರು ಏಳುವಂತಿಲ್ಲ. ಮುಂದಿನ ಪಂಕ್ತಿಯವರು ಆಗಲೇ ಬಂದು ಕುರ್ಚಿಗಳ ಬೆನ್ನು ಹಿಡಿದು ನಿಂತಿದ್ದರು. ಇಡೀ ಸಾಲು ಎಂಜಲು ಕೈ ಒಣಗಿಸಿಕೊಂಡು ಅವ್ವನನ್ನೇ ನೋಡುತ್ತ ಕಾಯಿತು. ಅಪ್ಪನೂ ಕಾದ. ಅವ್ವ ಬಡಿಸುವವನನ್ನು ಕರೆದು, ಮಜ್ಜಿಗೆ ಇನ್ನೊಂದು ಸೌಟು ಹಾಕಿಸಿಕೊಂಡಳು.